ಎರಡು ಜೊತೆ ಕಿವಿ

ಗಿರಣಿ ಮನೆಯವರು ಗುಟ್ಟು ಹೇಳಿದರೆ ಮೂರನೇ ಬೀದಿಗೆ ಕೇಳುತ್ತದೆ ಎಂದು ಬಡಾವಣೆಯವರೆಲ್ಲ ನಗುತ್ತಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ ಬಿಡಿ. ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ಹಿಟ್ಟಿನ ಗಿರಣಿಯ ಮೋಟರು, ಬೆಲ್ಟು, ಕಲ್ಲು ಮೂರೂ ಸೇರಿ ಬೊಬ್ಬೆ ಹೊಡೆಯುವ ಮನೆಯಲ್ಲಿ, ಒಂದು ಲೋಟ ನೀರು ಕೊಡಿ ಅನ್ನುವುದಕ್ಕೂ ಗಂಟಲು ಹರಿದುಕೊಳ್ಳಬೇಕು. ಹಾಗಾಗಿ ಆ ಮನೆಯ ಸೊಸೆಗೆ, ಅಂದರೆ ಎಲ್ಲರೂ ಗಿರಣಿಯಕ್ಕ ಎಂದು ಕರೆಯುವ ಹೆಂಗಸಿಗೆ, ಐವತ್ತೈದು ದಾಟುತ್ತಿದ್ದಂತೆ ಕಿವಿ ಮಂದವಾಗತೊಡಗಿದ್ದು ಮನೆಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಎಲ್ಲರೂ ಕೂಗಿಯೇ ಮಾತಾಡುವ ಕಡೆ ಕಿವುಡನ್ನು ಬಚ್ಚಿಟ್ಟುಕೊಳ್ಳುವುದು ಎಷ್ಟು ಸಲೀಸು ಅಂತೀರಿ!

ಬಚ್ಚಿಡುವಂಥದ್ದು ಏನಿತ್ತು ಅಂತ ಕೇಳಬಹುದು. ಇತ್ತು. ಅವಳು ವರ್ಷಕ್ಕೊಮ್ಮೆ ಕೆರೆ ಮೇಳದ ದಿನ ಬೆಳಗ್ಗೆ ಇಪ್ಪತ್ತು ಮೂವತ್ತು ಜನರನ್ನು ಹಿಂದೆ ಕಟ್ಟಿಕೊಂಡು ಕೆರೆ ಸುತ್ತ ಹಕ್ಕಿ ತೋರಿಸುತ್ತಿದ್ದಳು. ತೋರಿಸುತ್ತಿದ್ದಳು ಅನ್ನುವುದೂ ಪೂರ್ತಿ ಸರಿಯಲ್ಲ, ಕೇಳಿಸುತ್ತಿದ್ದಳು. ದುರ್ಬೀನು ಹಿಡಿದವರು ಎಲೆಗಳ ನಡುವೆ ತಡಕಾಡುತ್ತಿದ್ದರೆ ಇವಳು ನೆಲ ನೋಡಿಕೊಂಡು ನಡೆಯುತ್ತಲೇ 'ಎಡಕ್ಕೆ ಕುಟ್ರುಹಕ್ಕಿ, ಅದರ ಕೆಳಗಡೆ ಟುವ್ವಿ' ಅನ್ನುವಳು. ಆಮೇಲೆ ನೋಡಿದರೆ ಎರಡೂ ಅಲ್ಲೇ ಕೂತಿರುತ್ತಿದ್ದವು. ಕಿವಿ ಹೋಯಿತೆಂದರೆ ಆ ನಡಿಗೆ ಹೋಯಿತು. ಗಿರಣಿ ಗಂಡನದು, ಮನೆ ಮಾವನವರು ಕಟ್ಟಿಸಿದ್ದು. ಅವಳದು ಅಂತ ಇದ್ದದ್ದು ಆ ಒಂದು ನಡಿಗೆ ಮಾತ್ರ.

ಅವಳಿಗೆ ಹಕ್ಕಿಯ ಹುಚ್ಚು ಹತ್ತಿದ್ದೂ ಗಿರಣಿಯ ದೆಸೆಯಿಂದಲೇ. ಮದುವೆಯಾಗಿ ಬಂದ ಹೊಸತರಲ್ಲಿ ಆ ಸದ್ದಿಗೆ ಅವಳಿಗೆ ಅಳುವೇ ಬರುತ್ತಿತ್ತಂತೆ. ಬಾಯಿ ತೆರೆದರೆ ಹಿಟ್ಟು ಒಳಗೆ ಹೋಗುತ್ತಿತ್ತೇ ಹೊರತು ಮಾತು ಹೊರಗೆ ಬರುತ್ತಿರಲಿಲ್ಲ. ಇನ್ನೇನು ಮಾಡುವುದು, ಕಾಳು ಅಳೆಯುತ್ತ, ಹೊಸ್ತಿಲಲ್ಲಿ ಚೆಲ್ಲಿದ್ದನ್ನು ಹೆಕ್ಕಲು ಬರುವ ಗುಬ್ಬಿಗಳನ್ನು ನೋಡಿಕೊಂಡು ಕೂರುವಳು. ಭಾನುವಾರ ಗಿರಣಿಗೆ ರಜಾ. ಅವತ್ತು ಬೆಳಗಾಗುತ್ತಲೇ ಚಪ್ಪಲಿ ಮೆಟ್ಟಿ ಕೆರೆಯ ಕಡೆ ಹೊರಟುಬಿಡುವಳು. ಆರು ದಿನದ ಗದ್ದಲ ಉಂಡವಳಿಗೆ ಏಳನೇ ದಿನದ ಸದ್ದಿಲ್ಲದ ಬೆಳಗು ಹೇಗೆ ರುಚಿಸಿರಬೇಕು! ಆ ಮೌನದಲ್ಲಿ ಒಂದೊಂದಾಗಿ ಹಕ್ಕಿಯ ದನಿ ಬಿಡಿಸಿಕೊಳ್ಳಲು ಕಲಿತಳು. ಹೆಸರುಗಳನ್ನು ಮಾತ್ರ ನಾದಿನಿ ಲೈಬ್ರರಿಯಿಂದ ತಂದುಕೊಟ್ಟ ಪುಸ್ತಕದಲ್ಲಿ ಹುಡುಕಿಕೊಂಡಳು.

ಈ ನಾದಿನಿಯ ಬಗ್ಗೆ ಒಂದು ಮಾತು ಹೇಳಬೇಕು. ಗಂಡನ ತಂಗಿ, ಲೈಬ್ರರಿಯಲ್ಲಿ ಕೆಲಸ, ಎರಡು ಬೀದಿ ಆಚೆ ಮನೆ. ದಿನವೆಲ್ಲ ಓದಲು ಬಂದವರಿಗೆ 'ಷ್, ಷ್' ಅಂದೂ ಅಂದೂ, ಗಿರಣಿ ಮನೆಯಲ್ಲಿ ಹುಟ್ಟಿದವರಲ್ಲಿ ಪಿಸುಮಾತು ಬರುತ್ತಿದ್ದದ್ದು ಅವಳೊಬ್ಬಳಿಗೇ. ಅತ್ತಿಗೆ ಎಂದರೆ ಅವಳಿಗೆ ಪ್ರಾಣ. ಮೊದಲ ವರ್ಷದಿಂದಲೂ ನಡಿಗೆಯಲ್ಲಿ ಅತ್ತಿಗೆಯ ಬಲಗಡೆ ಅವಳೇ ಇರಬೇಕು.

ಮೇಳದವರು ಕೆರೆಯ ಪಂಪ್‌ಹೌಸಿನ ಪಕ್ಕ ಒಂದು ಕಪ್ಪು ಹಲಗೆ ನಿಲ್ಲಿಸಿದ್ದರು. ಯಾವ ಹಕ್ಕಿ, ಯಾವ ದಿನ, ಎಲ್ಲಿ, ಗುರುತಿಸಿದವರು ಯಾರು, ಎಲ್ಲ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ವರ್ಷದ ಕೊನೆಗೆ ನಾದಿನಿ ಅದನ್ನು ಪುಸ್ತಕಕ್ಕೆ ಇಳಿಸುವಳು. ಹಲಗೆಗೆ ಒಂದೇ ಒಂದು ಕಟ್ಟುಪಾಡು. ಕಣ್ಣಿಗೆ ಬಿದ್ದ ಹಕ್ಕಿಯಾದರೆ ಒಬ್ಬರು ಕಂಡರೂ ಸಾಕು, ಬರೆಯಬಹುದು. ಬರೀ ದನಿ ಕೇಳಿದ ಹಕ್ಕಿಯಾದರೆ ಇಬ್ಬರು ಕೇಳಿರಬೇಕು. ಇದನ್ನು ಮಾಡಿದವಳು ಗಿರಣಿಯಕ್ಕನೇ. ಮೊದಲ ಮೇಳದಲ್ಲಿ ಮಹಾಶಯನೊಬ್ಬ ಪೊದೆಯೊಳಗೆ ಅಪರೂಪದ ಹಕ್ಕಿ ಕೇಳಿತೆಂದು ಕುಣಿದಾಡಿ, ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದೂ ಬಿಟ್ಟಿದ್ದ. ಆಮೇಲೆ ನೋಡಿದರೆ ಅದು ಪೊದೆಯ ಹಿಂದೆ ಯಾರೋ ಬೀಳಿಸಿಕೊಂಡಿದ್ದ ಮೊಬೈಲು. ಅವತ್ತೇ ಅವಳು, "ಇನ್ಮೇಲೆ ಎರಡು ಜೊತೆ ಕಿವಿ ಬೇಕು, ಒಂದು ಜೊತೆ ನಡೆಯಲ್ಲ" ಎಂದು ಖಡಾಖಂಡಿತವಾಗಿ ಹೇಳಿದ್ದಳು. ಅಂದಿನಿಂದ ಹಲಗೆಯ ತುಂಬ 'ಕೇಳಿದವರು: ಗಿರಣಿಯಕ್ಕ, ನಾದಿನಿ' ಎಂದೇ ಇರುತ್ತಿತ್ತು.

ತನ್ನ ಕಿವಿ ಕೈಕೊಟ್ಟದ್ದು ಅವಳಿಗೆ ಗೊತ್ತಾದದ್ದು ನಾದಿನಿಯ ಕೈಗಡಿಯಾರದಿಂದ. ಮೂರು ವರ್ಷದ ಹಿಂದಿನ ಮಾತು. ಇಬ್ಬರೂ ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದಾಗ ನಾದಿನಿ ಸಿಡುಕಿ, "ಥೂ, ಇದರ ಕೀ ಕೀ ತಲೆ ತಿಂತಾ ಇದೆ" ಎಂದು ಗಡಿಯಾರದ ಗುಂಡಿ ಒತ್ತಿದಳು. ಗಿರಣಿಯಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಯಾವ ಕೀ ಕೀ? ಅವಳಿಗೆ ಏನೂ ಕೇಳಿರಲಿಲ್ಲ. ಮಾರನೇ ದಿನ ಒಬ್ಬಳೇ ಕೂತು ಪರೀಕ್ಷೆ ಮಾಡಿಕೊಂಡಳು. ದಪ್ಪ ಸದ್ದುಗಳೆಲ್ಲ ಸರಿಯಾಗಿಯೇ ಕೇಳುತ್ತಿದ್ದವು. ಕಲ್ಲು ಬಿಸಿಯಾದರೆ ಗಿರಣಿಯ ದನಿ ಬದಲಾಗುವುದು ಈಗಲೂ ಮೊದಲು ಗೊತ್ತಾಗುತ್ತಿದ್ದದ್ದು ಅವಳಿಗೇ. ಕೆಂಬೂತದ ಗೂಪ್ ಗೂಪ್ ಕೇಳುತ್ತಿತ್ತು. ತೆಳ್ಳನೆಯ, ಎಳೆಯ ದನಿಗಳು ಮಾತ್ರ ಜರಡಿಯಲ್ಲಿ ಹಿಟ್ಟು ಸೋರಿದ ಹಾಗೆ ಸೋರಿಹೋಗಿದ್ದವು.

ಅದರಲ್ಲಿ ಅವಳ ಜೀವ ಹಿಂಡಿದ್ದು ಬೆಳ್ಗಣ್ಣ. ಹೆಬ್ಬೆರಳಿನಷ್ಟು ಹಕ್ಕಿ, ಹಳದಿಯೋ ಹಸಿರೋ ಹೇಳಲಾಗದ ಮೈ, ಕಣ್ಣಿನ ಸುತ್ತ ಬಿಳಿ ಉಂಗುರ. ಗುಂಪಾಗಿ ಎಲೆಗಳ ಒಳಗೇ ಓಡಾಡಿಕೊಂಡು, ಒಂದಕ್ಕೊಂದು ಸಣ್ಣಗೆ ಕರೆದುಕೊಳ್ಳುತ್ತಿರುತ್ತವೆ. ಪಂಪ್‌ಹೌಸಿನ ಹಿಂದಿನ ಅತ್ತಿಮರಕ್ಕೆ ಅವು ದಿನಾ ಏಳಕ್ಕೆ ಕಾಲು ಗಂಟೆ ಇರುವಾಗ ಬರುತ್ತಿದ್ದವು. ಅಲ್ಲಿ ನಿಂತು, ಉಗುರಿನ ಸಂದಿಯಲ್ಲಿ ಹಿಟ್ಟು ಕೂತು ಬಿಳಿಚಿದ ಕೈಯನ್ನು ಮೇಲಕ್ಕೆತ್ತಿ, "ಕೇಳಿದ್ರಾ?" ಎನ್ನುವುದೇ ಅವಳ ನಡಿಗೆಯ ಹೆಚ್ಚುಗಾರಿಕೆ. ಜನ ಅದಕ್ಕೇ ಬರುತ್ತಿದ್ದರು ಎಂದರೂ ತಪ್ಪಿಲ್ಲ.

ಮೂರು ವರ್ಷದ ಹಿಂದಿನ ಆ ಮೇಳದಲ್ಲಿ ಅವಳು ಅತ್ತಿಮರದಡಿ ನಿಂತಾಗ ಏನೂ ಕೇಳಿಸಲಿಲ್ಲ. ಗಡಿಯಾರ ಏಳಕ್ಕೆ ಕಾಲು ಗಂಟೆ ಇದೆ ಅನ್ನುತ್ತಿತ್ತು. ಬಂದವರೆಲ್ಲ ಉಸಿರು ಬಿಗಿ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು. ಹಕ್ಕಿ ಕೂಗುತ್ತಲೇ ಇದೆ, ಹಾಳಾದ್ದು ನನ್ನ ಕಿವಿಗೆ ಬೀಳುತ್ತಿಲ್ಲ ಅಷ್ಟೆ ಎಂದುಕೊಂಡಳು. ಕೈ ಮೇಲೆ ಹೋಯಿತು. "ಕೇಳಿದ್ರಾ?" ನಾದಿನಿ ತಲೆಯಾಡಿಸಿದಳು, ಉಳಿದವರೂ ತಲೆಯಾಡಿಸಿದರು, ಹಲಗೆಯ ಮೇಲೆ ಬೆಳ್ಗಣ್ಣ ಏರಿತು. ಬದುಕಿದೆಯಾ ಬಡಜೀವವೇ ಎಂದುಕೊಂಡು ಮನೆಗೆ ಬಂದಳು. ಮರುವರ್ಷವೂ ಹಾಗೇ ಆಯಿತು, ಅದರ ಮರುವರ್ಷವೂ.

ನಾಲ್ಕನೇ ವರ್ಷ ಮೇಳದ ಕಾರ್ಯದರ್ಶಿಗಳು ಹೊಸ ಯೋಚನೆಯೊಂದನ್ನು ತಂದರು. ನಿವೃತ್ತ ಗುಮಾಸ್ತರು, ಸುಮ್ಮನೆ ಕೂರುವ ಪೈಕಿಯೇ ಅಲ್ಲ. ಮಕ್ಕಳಿಗೆ ಹಕ್ಕಿ ಮುಖವಾಡ, ಗೂಡಿನ ಪೆಟ್ಟಿಗೆಗೆ ಬಣ್ಣ ಹಚ್ಚುವುದು, ಹಕ್ಕಿಯ ಹಾಗೆ ಕೂಗುವ ಸ್ಪರ್ಧೆ, ಇವೆಲ್ಲ ಪ್ರತಿ ವರ್ಷದ್ದೇ. "ಈ ಸಲ ನಡಿಗೆಗೆ ಮೈಕ್ ಸೆಟ್ಟಿನವರನ್ನ ಕರೆಸ್ತಿದ್ದೀನಿ ಅಕ್ಕ. ನೀವು ಕೇಳ್ಸಿದ್ದನ್ನೆಲ್ಲ ರೆಕಾರ್ಡ್ ಮಾಡಿ ಸಂಜೆ ವೇದಿಕೆ ಮೇಲೆ ಹಾಕೋದು. ಏಳು ಗಂಟೆಗೆ ಮುಂಚೆ ಹಾಸಿಗೆ ಬಿಡದ ಸೋಮಾರಿಗಳಿಗೂ ಕೇಳ್ಲಿ" ಎಂದರು.

ಗಿರಣಿಯಕ್ಕ ಆ ದಿನವೆಲ್ಲ ಒಬ್ಬರ ರಾಗಿಗೆ ಇನ್ನೊಬ್ಬರ ಗೋಧಿ ಬೆರೆಸಿ ಬೈಸಿಕೊಂಡಳು. ಗಂಡ, "ಏನಾಗಿದೆ ನಿಂಗೆ? ಕೈ ಇಲ್ಲಿ, ಬುದ್ಧಿ ಎಲ್ಲಿ?" ಎಂದು ಕೂಗಿದರು. ತಲೆನೋವು ಅಂದಳು. ಜ್ವರ ಅಂತ ಹೇಳಿ ಮಲಗಿಬಿಡಲೇ ಎಂದೂ ಯೋಚಿಸಿದಳು. ಆದರೆ ಎರಡು ದಿನ ಬಿಟ್ಟು ಒಂದು ಸಮಾಧಾನ ಹೊಳೆಯಿತು. ಹಕ್ಕಿ ಅಲ್ಲಿ ಇದ್ದೇ ಇದೆಯಲ್ಲ. ನನಗೆ ಕೇಳಿಸದಿದ್ದರೇನು, ಮೈಕಿಗೆ ಕೇಳಿಸಿದರೆ ಆಯಿತು. ರೆಕಾರ್ಡಿನಲ್ಲಿ ಬೆಳ್ಗಣ್ಣನ ದನಿ ಬಂತೆಂದರೆ ಇನ್ನು ಯಾರು ತನ್ನ ಕಿವಿಯನ್ನು ಅನುಮಾನಿಸುತ್ತಾರೆ? ಹಾಗೆ ಯೋಚಿಸಿದ ಮೇಲೆ ಅವಳು ಮೇಳದ ದಿನಕ್ಕೆ ಹೊಸ ಸೀಮೆಸುಣ್ಣದ ಡಬ್ಬವನ್ನೂ ತಂದಿಟ್ಟುಕೊಂಡಳು.

ಮೇಳದ ಬೆಳಗ್ಗೆ ಇಪ್ಪತ್ತಾರು ಜನ ಬಂದಿದ್ದರು. ಮೈಕ್ ಸೆಟ್ಟಿನವನು ಕಿವಿಗೆ ಹೆಡ್‌ಫೋನ್ ಹಾಕಿ, ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿಕೊಂಡು ಹಿಂದೆಯೇ ಬಂದ. ಕುಟ್ರುಹಕ್ಕಿ ಸಿಕ್ಕಿತು, ಕೆಂಬೂತ ಸಿಕ್ಕಿತು, ನೀರಿನ ಮೇಲೆ ಮಿಂಚುಳ್ಳಿಯೂ ಸಿಕ್ಕಿತು. ಏಳಕ್ಕೆ ಕಾಲು ಗಂಟೆ ಇದ್ದಾಗ ಎಲ್ಲರೂ ಅತ್ತಿಮರದಡಿ ನಿಂತರು. ಅವಳು ಎಂದಿನಂತೆ ಕೈ ಎತ್ತಿದಳು. ಒಂದು ನಿಮಿಷ ಯಾರೂ ಅಲುಗಾಡಲಿಲ್ಲ.

"ಕೇಳಿದ್ರಾ?"

ನಾದಿನಿ ತಲೆಯಾಡಿಸಿ, ಹೂಂ ಎಂದು ಪಿಸುಗುಟ್ಟಿದಳು. ಕಾರ್ಯದರ್ಶಿಗಳು ಕಣ್ಣು ಮುಚ್ಚಿ, "ಆಹಾ" ಎಂದರು. ಉಳಿದವರೂ ಹೂಂಗುಟ್ಟಿದರು. ಮೈಕ್ ಸೆಟ್ಟಿನವನು ಮಾತ್ರ ಮುಖ ಗಂಟುಹಾಕಿಕೊಂಡು ಹತ್ತಿರ ಬಂದ.

"ಅಕ್ಕ, ಏನೂ ಬೀಳ್ಲಿಲ್ಲ. ಇನ್ನೊಂದ್ಸಲ ನೋಡೋಣ್ವಾ?"

"ಮೆಷಿನ್ನು ಸರಿಯಾಗಿ ಇಟ್ಕೊಳಪ್ಪ," ಕಾರ್ಯದರ್ಶಿಗಳು ಗದರಿದರು. "ಇಷ್ಟು ಜನಕ್ಕೆ ಕೇಳಿಸಿದ್ದು ನಿನ್ನ ಮೈಕಿಗೆ ಕೇಳಿಸಲ್ವಾ?"

"ಸರ್, ಆಚೆ ದಡದಲ್ಲಿ ಒಬ್ರು ಬಟ್ಟೆ ಕೊಡವಿದ್ದೂ ಬಂದಿದೆ ಇದರಲ್ಲಿ. ಹಕ್ಕಿ ಬಂದಿಲ್ಲ. ಮೈಕಿಗೆ ಕಿವಿ ಮಾತ್ರ ಇರೋದು ಸರ್, ದಾಕ್ಷಿಣ್ಯ ಇರಲ್ಲ. ಬೇಕಾದ್ರೆ ಕೇಳಿ ಅಕ್ಕ" ಎಂದು ಅವನು ಹೆಡ್‌ಫೋನ್ ಬಿಚ್ಚಿ ಗಿರಣಿಯಕ್ಕನ ಕಡೆ ಚಾಚಿದ.

ಅವಳು ಅದನ್ನು ತೆಗೆದುಕೊಂಡಳು, ಹಾಕಿಕೊಳ್ಳಲಿಲ್ಲ. ಹಾಕಿಕೊಂಡು ಮಾಡುವುದಾದರೂ ಏನು? ಹಕ್ಕಿ ಇದ್ದರೂ ಅವಳಿಗೆ ಮೌನ, ಇಲ್ಲದಿದ್ದರೂ ಮೌನ. ಸುಮ್ಮನೆ ಅದನ್ನು ನಾದಿನಿಯ ತಲೆಗೆ ಏರಿಸಿದಳು.

ನಾದಿನಿ ಕೇಳಿಸಿಕೊಂಡಳು. ನೋಡನೋಡುತ್ತ ಅವಳ ಮುಖ ಕೆಂಪಾಯಿತು, ಕಣ್ಣು ತುಂಬಿದವು.

"ಏನು ಕೇಳಿಸ್ತಿದೆ, ಹೇಳೇ."

"ಯಾರೋ ಕೆಮ್ಮಿದ್ದು. ನೀವು 'ಕೇಳಿದ್ರಾ' ಅಂದಿದ್ದು. ನಾನು 'ಹೂಂ, ಕೇಳಿಸ್ತು' ಅಂತ ಪಿಸುಗುಟ್ಟಿದ್ದು. ಅಷ್ಟೇ ಅತ್ತಿಗೆ."

"ನಿಂಗೆ ನಿಜವಾಗ್ಲೂ ಕೇಳಿಸ್ತಾ?"

ನಾದಿನಿ ಹೆಡ್‌ಫೋನ್ ಬಿಚ್ಚಿ ಮೈಕ್ ಸೆಟ್ಟಿನವನ ಕೈಗಿತ್ತಳು.

"ಹೋದ ವರ್ಷ? ಅದರ ಹಿಂದಿನ ವರ್ಷ?"

"ನೀವು ಕೇಳಿದ್ರಿ ಅಂದ್ಮೇಲೆ ನಾನು ಕೇಳಿದ ಹಾಗೇ ಅಲ್ವಾ ಅತ್ತಿಗೆ? ನನ್ನ ಕಿವಿ ಅಷ್ಟು ಚುರುಕಿಲ್ಲ ಅಂದ್ಕೊಂಡೆ."

ಅಲ್ಲಿಗೆ ಎಲ್ಲರ ಬಾಯಿಯೂ ಮೆಲ್ಲಗೆ ತೆರೆಯಿತು. ಮೂರು ವರ್ಷದಿಂದ ಆ ಮರದಡಿಯಲ್ಲಿ ಯಾರಿಗೂ ಏನೂ ಕೇಳಿರಲಿಲ್ಲ. ಪ್ರತಿಯೊಬ್ಬರೂ ದೋಷ ತಮ್ಮ ಕಿವಿಯದೇ ಎಂದುಕೊಂಡು, ಪಕ್ಕದವರ ಮುಂದೆ ಮರ್ಯಾದೆ ಹೋದೀತೆಂದು ತಲೆಯಾಡಿಸಿದ್ದರು. ಕಾರ್ಯದರ್ಶಿಗಳಂತೂ ಕಿವಿ ಡಾಕ್ಟರ ಹತ್ತಿರ ಹೋಗಿ ಕಿವಿ ತೊಳೆಸಿಕೊಂಡು ಬಂದಿದ್ದರಂತೆ. "ಕಿವಿ ಕನ್ನಡಿ ಹಾಗಿದೆ ಅಂದ್ರಮ್ಮ ಡಾಕ್ಟ್ರು! ಆ ಡಾಕ್ಟ್ರಿಗೇನೂ ಬರಲ್ಲ ಅಂತ ಊರೆಲ್ಲ ಬೈಕೊಂಡು ಬಂದೆ" ಎಂದು ಅವರು ಹಣೆ ಚಚ್ಚಿಕೊಂಡಾಗ ಒಂದಿಬ್ಬರು ನಕ್ಕರು.

ಗಿರಣಿಯಕ್ಕ ನಗಲಿಲ್ಲ. ಅವಳು ಪಂಪ್‌ಹೌಸಿನ ಗೋಡೆ ನೋಡುತ್ತಿದ್ದಳು. ಆ ಗೋಡೆಯ ತುಂಬ ಮೊದಲು ಸಣ್ಣ ಹೂವಿನ ಬಳ್ಳಿಯೊಂದು ಹಬ್ಬಿತ್ತು. ಬೆಳ್ಗಣ್ಣಗಳು ಆ ಹೂವಿಗೆ ಬಂದು ಆಮೇಲೆ ಅತ್ತಿಮರ ಏರುತ್ತಿದ್ದವು. ಮೂರು ವರ್ಷದ ಹಿಂದೆ ಗೋಡೆಗೆ ಬಣ್ಣ ಬಳಿಯುವಾಗ ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದ್ದರು. ಗೋಡೆ ಈಗ ಎಷ್ಟು ಚೊಕ್ಕಟವಾಗಿದೆ ಎಂದು ಅವಳೂ ಮೆಚ್ಚಿ ಮಾತಾಡಿದ್ದಳು. ಹಕ್ಕಿ ಆಗಲೇ ಹೊರಟುಹೋಗಿತ್ತು. ಕಿವಿ ಇದ್ದಿದ್ದರೆ ಆ ವಾರವೇ ಗೊತ್ತಾಗುತ್ತಿತ್ತು. ಕಿವಿ ಇಲ್ಲವೆಂದು ಬಾಯಿಬಿಟ್ಟು ಹೇಳಿದ್ದರೂ ಗೊತ್ತಾಗುತ್ತಿತ್ತು, ಬೇರೆ ಯಾರಾದರೂ ಕಿವಿಗೊಡುತ್ತಿದ್ದರು. ಅವಳಿಗೆ ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ಪ್ರೀತಿಯ ಹಕ್ಕಿ ಮೂರು ವರ್ಷದಿಂದ ಇಲ್ಲ, ತಾನು ಅದರ ಹೆಸರು ಬರೆಯುತ್ತಲೇ ಬಂದಿದ್ದೇನೆ.

"ನಂಗೆ ಸಣ್ಣ ದನಿ ಕೇಳಿಸಲ್ಲ," ಎಂದಳು. ಮೊದಲ ಸಲ ಅವಳ ದನಿ ಇಳಿದಿತ್ತು, ಹಿಂದಿನವರಿಗೆ ಕೇಳಲೂ ಇಲ್ಲ. ಅದು ತಿಳಿದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು. "ಮೂರು ವರ್ಷದಿಂದ ಕೇಳಿಸ್ತಿಲ್ಲ. ಗಡಿಯಾರ ನೋಡಿ ಕೈ ಎತ್ತುತ್ತಿದ್ದೆ. ತಪ್ಪಾಯ್ತು."

ಹಲಗೆಯ ಹತ್ತಿರ ಹೋಗಿ, ಬರೆಯಲೆಂದು ತಂದಿದ್ದ ಸೀಮೆಸುಣ್ಣವನ್ನು ಅಲ್ಲೇ ಇಟ್ಟುಬಿಟ್ಟಳು. ಪುಸ್ತಕ ತರಿಸಿ ಮೂರು ವರ್ಷದ ಮೂರು ಬೆಳ್ಗಣ್ಣಗಳ ಮೇಲೂ ತಾನೇ ಗೀಟು ಎಳೆದಳು. ಮಧ್ಯಾಹ್ನದ ಕೂಗುವ ಸ್ಪರ್ಧೆಗೆ ಈ ಸಲ ತೀರ್ಪುಗಾರಳಾಗಿ ಕೂರಲಿಲ್ಲ. ಮುಖವಾಡ ಹಾಕಿಕೊಂಡ ಮಕ್ಕಳು ವೇದಿಕೆಯ ಮೇಲೆ ಒಬ್ಬೊಬ್ಬರಾಗಿ ಬಾಯಿ ತೆರೆದು ಮುಚ್ಚುವುದನ್ನು ಹಿಂದಿನ ಸಾಲಿನಿಂದ ನೋಡಿದಳು. ಕೆಲವರದು ಕೇಳಿತು, ಕೆಲವರದು ಕೇಳಲಿಲ್ಲ.

ನಾದಿನಿಯ ಮೇಲೆ ಅವಳಿಗೆ ಕೋಪ ಬಂದಿತ್ತು. ತನ್ನ ಮೇಲಿನದ್ದನ್ನೂ ಸೇರಿಸಿ ಅವಳ ಮೇಲೆಯೇ ಹಾಕಿದ್ದಳು ಅನ್ನಿ. ನಾಲ್ಕು ದಿನ ಮಾತುಕತೆ ಇಲ್ಲ. ಐದನೇ ದಿನ ನಾದಿನಿ ಗೋಧಿ ಬೀಸಿಸುವ ನೆಪ ಮಾಡಿಕೊಂಡು ಬಂದಳು. ಗಿರಣಿಯ ಸದ್ದಿನಲ್ಲಿ ಇಬ್ಬರೂ ಕೂಗಾಡಬೇಕಾಯಿತು, ಕಾಳು ತಂದ ಗಿರಾಕಿಗಳೆಲ್ಲ ನಿಂತು ಕೇಳಿದರು.

"ಮೂರು ವರ್ಷ ನಂಗೆ ಸುಳ್ಳು ಹೇಳಿದ್ಯಲ್ಲೇ!"

"ನೀವೂ ಹೇಳಿದ್ರಲ್ಲ ಅತ್ತಿಗೆ! ನಂಗಾದ್ರೂ ನೀವು ಅಂದ್ರೆ ಪ್ರೀತಿ ಅಂತ ಹೇಳ್ದೆ. ನೀವು ಯಾಕೆ ಹೇಳಿದ್ರಿ?"

"ಭಯ ಕಣೇ! ನೀವೆಲ್ಲ ನನ್ನ ಬಿಟ್ಟು ಮುಂದೆ ಹೋಗಿಬಿಡ್ತೀರ ಅಂತ ಭಯ!"

ಗಂಡ ಎದ್ದು ಹೋಗಿ ಮೋಟರು ನಿಲ್ಲಿಸಿದರು. ಕೆಲಸದ ದಿನ ಹಾಡುಹಗಲಲ್ಲಿ ಗಿರಣಿ ನಿಂತದ್ದು ಮಾವನವರು ತೀರಿಕೊಂಡ ದಿನ ಬಿಟ್ಟರೆ ಅವತ್ತೇ. ಆ ನಿಶ್ಶಬ್ದದಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಮೂಗು ಸೊರಗುಟ್ಟಿಸುತ್ತ ನಿಂತಿದ್ದರು. "ಕಿವಿ ಮಂದ ಅಂತ ನಂಗೆ ಹೇಳಬಾರದಿತ್ತಾ?" ಎಂದರು ಗಂಡ. "ಹೇಳಿದ್ರೆ ನಿಮಗೆಲ್ಲಿ ಕೇಳಿಸ್ತಿತ್ತು?" ಎಂದಳು ಅವಳು. ನಾದಿನಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.

"ಇನ್ಮೇಲೆ ಕೇಳಿಸದೇ ಇದ್ರೆ ಇಲ್ಲ ಅನ್ನಬೇಕು," ಗಿರಣಿಯಕ್ಕ ಹೇಳಿದಳು. "ನಾನು ಬೇಜಾರು ಮಾಡ್ಕೊಂಡ್ರೂ ಇಲ್ಲ ಅನ್ನು."

ಅಂದಿನಿಂದ ಭಾನುವಾರ ಬೆಳಗ್ಗೆ ಇಬ್ಬರೂ ಬೆಳ್ಗಣ್ಣನನ್ನು ಹುಡುಕಲು ಹೊರಟರು. ಕೆರೆಯ ಬಡಗಣ ದಂಡೆ, ಶಾಲೆಯ ಹಿಂಭಾಗ, ಸೌದೆ ಡಿಪೋ, ಹೂ ಬಿಟ್ಟ ಬೇಲಿ ಎಲ್ಲಿದೆಯೋ ಅಲ್ಲೆಲ್ಲ ನಿಂತರು. "ಕೇಳಿಸ್ತಾ?" "ಇಲ್ಲ ಅತ್ತಿಗೆ." ಮತ್ತೆ ಮುಂದಕ್ಕೆ. ಮೊದಮೊದಲು ನಾದಿನಿ ಆ 'ಇಲ್ಲ'ವನ್ನು ತಪ್ಪು ಮಾಡಿದವಳ ಹಾಗೆ ಹೇಳುತ್ತಿದ್ದಳು, ಬರಬರುತ್ತ ಸರಾಗವಾಯಿತು. ಗಿರಣಿಯಕ್ಕನಿಗಂತೂ ಹಿಂದಿನ ಅಷ್ಟೂ ಹೂಂಗಳಿಗಿಂತ ಈ ಒಂದೊಂದು 'ಇಲ್ಲ' ಹೆಚ್ಚು ಹಿತವಾಗಿತ್ತು. ಹೀಗೆ ಹನ್ನೊಂದು ಭಾನುವಾರ ಕಳೆದವು.

ಹನ್ನೆರಡನೆಯದರಂದು ಹಳೇ ಹಂಚಿನ ಕಾರ್ಖಾನೆಯ ಪಾಳುಗೋಡೆಯ ಹತ್ತಿರ ನಾದಿನಿ ಗಕ್ಕನೆ ನಿಂತು ಅತ್ತಿಗೆಯ ಮಣಿಕಟ್ಟು ಹಿಡಿದಳು.

"ಅತ್ತಿಗೆ, ಏನೋ ಇದೆ."

"ನನ್ನ ಖುಷಿಗೆ ಹೇಳ್ತಿಲ್ಲ ತಾನೇ?"

"ಹನ್ನೊಂದು ವಾರ ಇಲ್ಲ ಅಂದಿದ್ದೀನಿ. ಈಗ ಹೂಂ ಅಂದ್ರೆ ನಂಬಲ್ವಾ?"

ಗಿರಣಿಯಕ್ಕ ಮೇಲೆ ನೋಡಿದಳು. ಗೋಡೆಯ ಮೇಲಿನ ಬಳ್ಳಿ ದಟ್ಟವಾಗಿತ್ತು, ಎಲೆ ಅಲುಗುತ್ತಿತ್ತು, ಹಕ್ಕಿ ಕಾಣಲಿಲ್ಲ. ಕಂಡಿದ್ದರೆ ಒಬ್ಬರು ಸಾಕಿತ್ತು. ಕೇಳಿದ್ದಕ್ಕೆ ಇಬ್ಬರು ಬೇಕು, ಇರುವುದು ಒಂದು ಜೊತೆ ಕಿವಿ. ನಾನೂ ಕೇಳಿದೆ ಎಂದು ಈಗ ಹೇಳಿದರೆ ಅದು ನಿಜದ ಹಕ್ಕಿಯೇ, ಯಾರಿಗೂ ನಷ್ಟವಿಲ್ಲ. ಹಾಗೊಂದು ಯೋಚನೆ ಬಂದದ್ದು ಸುಳ್ಳಲ್ಲ. ಅಷ್ಟರಲ್ಲಿ ಹಾಲು ಹಾಕುವವನು ಸೈಕಲ್ಲಿನಲ್ಲಿ ಬಂದ. ಅವಳು ರಸ್ತೆಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು.

"ಏನಕ್ಕ, ಏನಾಯ್ತು?"

"ಮಾತಾಡ್ಬೇಡ. ಇಲ್ಲಿ ನಿಂತು ಕೇಳಿಸ್ಕೋ. ಏನಾದ್ರೂ ಕೇಳಿಸಿದ್ರೆ ಹೇಳು. ಇಲ್ಲಾಂದ್ರೆ ಇಲ್ಲ ಅನ್ನು, ನಂಗೋಸ್ಕರ ಹೂಂ ಅಂದ್ಯೋ ನಿನ್ನ ಸುಮ್ನೆ ಬಿಡಲ್ಲ."

ಅವನು ಒಂದು ಕಾಲು ನೆಲಕ್ಕೆ ಊರಿ, ಬೆಪ್ಪನ ಹಾಗೆ ತಲೆ ಓರೆ ಮಾಡಿ ನಿಂತ. ಹಕ್ಕಿಗೂ ಅವನಿಗೂ ಎಳ್ಳಷ್ಟೂ ನಂಟಿರಲಿಲ್ಲ. ಗಿರಣಿಯಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಆ ಬಳ್ಳಿ ಒಳಗೆ ಏನೋ ಸಣ್ಣಗೆ ಕುಂಯ್‌ಗುಡ್ತಾ ಇದೆಯಲ್ಲಕ್ಕ," ಎಂದ ಅವನು. "ಬೆಕ್ಕಿನ ಮರಿ ಸಿಕ್ಕಾಕ್ಕೊಂಡಿದ್ಯಾ? ಒಂದಲ್ಲ, ನಾಕೈದು ಇರೋ ಹಾಗಿದೆ."

ಅದೇ. ಮೊದಲ ಸಲ ಕೇಳಿದಾಗ ಅವಳಿಗೂ ಹಾಗೇ ಅನ್ನಿಸಿತ್ತು, ಹೊಸ ಮದುವಣಗಿತ್ತಿ ಮರದಡಿ ಬೆಕ್ಕಿನ ಮರಿ ಹುಡುಕಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಹಾಲಿನವನ ಬೆನ್ನು ತಟ್ಟಿದಳು. ಅವನಿಗೆ ತಲೆಬುಡ ಅರ್ಥವಾಗದೆ, ಮರಿಗಳಿಗೆ ಇರಲಿ ಎಂದು ಅರ್ಧ ಲೋಟ ಹಾಲು ಕೊಡಲು ಹೋದ.

ಅಲ್ಲಿಂದ ಇಬ್ಬರೂ ನೇರ ಹಲಗೆಯ ಹತ್ತಿರ ಬಂದರು. ಗಿರಣಿಯಕ್ಕ ಸೀಮೆಸುಣ್ಣ ತೆಗೆದುಕೊಂಡು ಬರೆದಳು. ಬೆಳ್ಗಣ್ಣ, ಹಂಚಿನ ಕಾರ್ಖಾನೆ ಗೋಡೆ. ಕೇಳಿದವರು: ನಾದಿನಿ, ಹಾಲಿನವನು. ಬರೆದು ಕೈಯ ಪುಡಿ ಕೊಡವಿಕೊಂಡಳು.

"ನಿಮ್ಮ ಹೆಸರು ಅತ್ತಿಗೆ?" ಎಂದಳು ನಾದಿನಿ ಮೆಲ್ಲಗೆ.

"ನಾನು ಕೇಳಿಲ್ವಲ್ಲೇ!" ಎಂದಳು ಗಿರಣಿಯಕ್ಕ, ಮೂರನೇ ಬೀದಿಗೂ ಕೇಳುವ ಹಾಗೆ.